ದುಡಿಯುವ ಅಣ್ಣ, ಗೆಲ್ಲುವ ತಮ್ಮ

(ಕ್ರೀಡಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಬಾರ್ಸಿಲೋನಾ ಕ್ಲಬ್ ಎಂದೊಡನೆ ನಮಗೆ ನೆನಪಾಗುವುದು ಫುಟ್‌ಬಾಲ್. ಆ ತಂಡ 1992ರಿಂದ 2015ರ ವರೆಗೆ ಐದು ಬಾರಿ ಯೂರೋಪಿನ ಚಾಂಪಿಯನ್ ಆಯಿತು. ಆದರೆ ಅದೇ ಕ್ಲಬ್ಬಿನ, ಅದೇ ನೀಲಿ-ಕೆಂಪು ಅಂಗಿ ತೊಟ್ಟ ಇನ್ನೊಂದು ತಂಡ 1973ರಿಂದ 2018ರ ವರೆಗೆ 22 ಬಾರಿ ಯೂರೋಪಿನ ಪಟ್ಟ ಗೆದ್ದಿದೆ. ಅದು ರೋಲರ್ ಹಾಕಿ ತಂಡ. ಹೆಚ್ಚು ಗೆದ್ದವರ ಹೆಸರೇ ನಮಗೆ ಗೊತ್ತಿಲ್ಲ!

ಏನಿದು ಆಟ? ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲದ ನುಣುಪಾದ ಅಂಕಣ. ಚೆಂಡು ಹೊರಗೆ ಹೋಗದಂತೆ ಸುತ್ತಲೂ ಒಂದು ಮೀಟರ್ ಎತ್ತರದ ತಡೆ. ಒಂದೊಂದು ಕಡೆ ಗೋಲಿಯೂ ಸೇರಿ ಐವರು. ಕಾಲಿಗೆ ನಾಲ್ಕು ಚಕ್ರದ ಸ್ಕೇಟ್, ಕೈಯಲ್ಲಿ ತುದಿ ಬಾಗಿದ ಕೋಲು. ಗಟ್ಟಿ ರಬ್ಬರಿನ ಚೆಂಡಿನ ತೂಕ 155 ಗ್ರಾಂ, ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟು. ಅದು ಸಿಡಿದು ಬರುವಾಗ ಗೋಲಿ ಮಂಡಿಯೂರಿ, ಮೈಯನ್ನೇ ಗೋಡೆಯಾಗಿಸಿಕೊಂಡು ತಡೆಯಬೇಕು.

ಬಾರ್ಸಿಲೋನಾ ಈ ವಿಭಾಗವನ್ನು ಆರಂಭಿಸಿದ್ದು 1942ರಲ್ಲಿ. ಆದರೆ ಕತಲೋನಿಯಾದಲ್ಲಿ ಈ ಆಟ ಮಹಾನಗರದ ಸೊತ್ತಲ್ಲ, ಸಣ್ಣ ಊರುಗಳ ಅಭಿಮಾನ. ರೆಯುಸ್ ಎಂಬ ಪಟ್ಟಣದ ತಂಡ 1967ರಿಂದ 1972ರ ವರೆಗೆ ಸತತ ಆರು ಬಾರಿ ಯೂರೋಪ್ ಕಪ್ ಗೆದ್ದಿತು. 1971ರಲ್ಲಿ ಬಾರ್ಸಿಲೋನಾ ತನ್ನ ಫುಟ್‌ಬಾಲ್ ಮೈದಾನದ ಪಕ್ಕದಲ್ಲೇ ‘ಪಲಾವು ಬ್ಲೌಗ್ರಾನಾ’ ಎಂಬ ಒಳಾಂಗಣ ಕ್ರೀಡಾಂಗಣ ಕಟ್ಟಿತು. 1973ರಲ್ಲಿ ಮೊದಲ ಕಪ್ ಬಂತು. 1978ರಿಂದ 1985ರ ವರೆಗೆ ಸತತ ಎಂಟು! 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಈ ಆಟ ಪ್ರದರ್ಶನ ಕ್ರೀಡೆಯಾಗಿ ಕಾಣಿಸಿಕೊಂಡಿತು. ಫೈನಲ್‌ನಲ್ಲಿ ಅರ್ಜೆಂಟೀನಾ ಸ್ಪೇನನ್ನು ಸೋಲಿಸಿತು. ಒಲಿಂಪಿಕ್ಸ್ ಬಾಗಿಲು ಈ ಆಟಕ್ಕೆ ಮತ್ತೆ ತೆರೆದಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಥ ಆಟದ ವೃತ್ತಿಪರ ತಂಡ ತನ್ನ ಗಳಿಕೆಯಿಂದಲೇ ಬದುಕುವುದು ಕಷ್ಟ. ಇಲ್ಲಿ ಖರ್ಚು ತುಂಬಿಕೊಡುವುದು ಫುಟ್‌ಬಾಲ್. ನಮ್ಮ ಅವಿಭಕ್ತ ಕುಟುಂಬದ ಹಾಗೆ: ದುಡಿಯುವವನು ಅಣ್ಣ, ಉಣ್ಣುವವರು ಎಲ್ಲರೂ. ಅಣ್ಣನಿಗೆ ಸಾಲವಾದರೆ? 2011ರಲ್ಲಿ ಕ್ಲಬ್ ತನ್ನ ಬೇಸ್‌ಬಾಲ್ ವಿಭಾಗವನ್ನು ಮುಚ್ಚಿತು. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೋನ್ ಲಪೋರ್ತಾ ಹೇಳಿದ ಸಾಲದ ಮೊತ್ತ 135 ಕೋಟಿ ಯೂರೊ. ಇಂಥ ಹೊತ್ತಿನಲ್ಲಿ ಸಣ್ಣ ತಂಡಗಳ ಮೇಲೆಯೇ ಮೊದಲು ಕಣ್ಣು ಬೀಳುತ್ತದೆ.

ಇನ್ನೊಂದು ಆಕ್ಷೇಪವೂ ಉಂಟು. ಸಣ್ಣ ಊರಿನವರು ಮಕ್ಕಳನ್ನು ಬೆಳೆಸುತ್ತಾರೆ, ದೊಡ್ಡ ಕ್ಲಬ್ ಫುಟ್‌ಬಾಲ್ ದುಡ್ಡಿನಿಂದ ಅವರನ್ನು ಕರೆದೊಯ್ಯುತ್ತದೆ; ಇದು ನ್ಯಾಯವೇ? ಮಾತಿನಲ್ಲಿ ಹುರುಳಿದೆ. ಆದರೆ ದುಡ್ಡೇ ಎಲ್ಲವನ್ನೂ ಗೆಲ್ಲಲಿಲ್ಲ ಎಂಬುದಕ್ಕೆ ಇಗುವಲಾದಾ ಸಾಕ್ಷಿ. ತೊಗಲು ಹದ ಮಾಡುವುದಕ್ಕೆ ಹೆಸರಾದ ಈ ಪಟ್ಟಣದ ತಂಡ 1993ರಿಂದ 1999ರ ನಡುವೆ ಆರು ಬಾರಿ ಯೂರೋಪ್ ಗೆದ್ದಿತು. ಬಾರ್ಸಿಲೋನಾವನ್ನು ಸೋಲಿಸುವ ಆಸೆಯೇ ಇಂಥ ಊರುಗಳ ಆಟಕ್ಕೆ ಹುರುಪು ಕೊಟ್ಟಿದೆ ಎಂದು ನನಗನ್ನಿಸುತ್ತದೆ. ದೊಡ್ಡವನು ಅಂಕಣ ಬಿಟ್ಟು ಹೋದರೆ ಚಿಕ್ಕವರಿಗೆ ಗೆಲುವು ಸುಲಭವಾದೀತು, ಗೆದ್ದ ಹಿಗ್ಗು ಉಳಿಯಲಾರದು.

ಈ ಕ್ಲಬ್ಬಿನ ಒಡೆಯರು ಷೇರುದಾರರಲ್ಲ, ಸದಸ್ಯರು. ಅಧ್ಯಕ್ಷನನ್ನು ಆರಿಸುವವರೂ ಅವರೇ. ಹೀಗಾಗಿ ಯಾವುದು ಲಾಭ, ಯಾವುದು ನಷ್ಟ ಎಂದು ತೀರ್ಮಾನಿಸುವ ಹೊಣೆಯೂ ಅವರದೇ. ತುಂಬಿದ ಕಾಲದಲ್ಲಿ ಎಲ್ಲರಿಗೂ ಬಡಿಸುವುದು ದೊಡ್ಡದಲ್ಲ. ಬರಗಾಲದಲ್ಲಿ ಮೊದಲು ಯಾರ ಎಲೆಗೆ ಅನ್ನ ಕಡಿಮೆಯಾಗುತ್ತದೆ ಎಂಬುದರಿಂದ ಮನೆಯ ಗುಣ ತಿಳಿಯುತ್ತದೆ.