ನಗುವನ್ನು ಫಿಲ್ಮಿನಲ್ಲಿ ಉಳಿಸಿದ ಡೆಸಿಲು



ಟಿವಿ ಹಾಸ್ಯ ಧಾರಾವಾಹಿಯ ಚರಿತ್ರೆ ಹೇಳಹೊರಟರೆ ರೇಡಿಯೋದಿಂದಲೇ ಶುರು ಮಾಡಬೇಕು. 1948ರಲ್ಲಿ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ನಗೆನಾಟಕ ಆರಂಭವಾಯಿತು. ಗಂಡ ಹೆಂಡತಿಯ ಸಂಸಾರದ ಫಜೀತಿಗಳೇ ಅದರ ಕಥೆ. ಹೆಂಡತಿಯ ಪಾತ್ರ ಮಾಡುತ್ತಿದ್ದವರು ಲೂಸಿಲ್ ಬಾಲ್. ವರ್ಷಗಟ್ಟಲೆ ಸಿನಿಮಾದಲ್ಲಿ ದುಡಿದಿದ್ದರೂ ಮೊದಲ ಸಾಲಿನ ತಾರೆ ಆಗಿರಲಿಲ್ಲ. ರೇಡಿಯೋ ಸ್ಟುಡಿಯೋದಲ್ಲಿ ಎದುರಿಗೆ ಪ್ರೇಕ್ಷಕರು ಕೂತು ನಗತೊಡಗಿದಾಗ ಆಕೆಯ ಹಾಸ್ಯಕ್ಕೆ ರೆಕ್ಕೆ ಬಂತು.

ಇದನ್ನೇ ಟಿವಿಗೆ ತರೋಣ ಎಂದಿತು ಸಿಬಿಎಸ್. ಆಗಲಿ, ಆದರೆ ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು ಎಂದರು ಲೂಸಿ. ಗಂಡ ಡೆಸಿ ಆರ್ನಾಜ್ ಕ್ಯೂಬಾದಿಂದ ಬಂದ ವಾದ್ಯವೃಂದದ ನಾಯಕ. ಆತನ ಇಂಗ್ಲಿಷ್ ಉಚ್ಚಾರಣೆಯಲ್ಲಿ ಊರಿನ ಗುರುತು ಹೋಗಿರಲಿಲ್ಲ. ಇಂಥವನನ್ನು ಅಮೆರಿಕದ ಹೆಣ್ಣಿನ ಗಂಡನೆಂದು ಜನ ಒಪ್ಪುತ್ತಾರೆಯೇ ಎಂಬ ಅನುಮಾನ ಸಿಬಿಎಸ್‌ನವರಿಗೆ. ದಂಪತಿಗಳು ವಾದಕ್ಕೆ ನಿಲ್ಲಲಿಲ್ಲ. 1950ರಲ್ಲಿ ಜೋಡಿಯಾಗಿ ಊರೂರು ಸುತ್ತಿ ರಂಗದ ಮೇಲೆ ಹಾಸ್ಯ ಪ್ರದರ್ಶನ ಕೊಟ್ಟರು. ಜನ ಮನಸಾರೆ ನಕ್ಕರು, ಅನುಮಾನ ಅಲ್ಲಿಗೇ ಮುಗಿಯಿತು. ಇಬ್ಬರ ಹೆಸರನ್ನೂ ಕೂಡಿಸಿ ಕಟ್ಟಿದ ಸಂಸ್ಥೆಯೇ ಡೆಸಿಲು.

ಆ ಕಾಲದ ಟಿವಿ ಹಾಸ್ಯ ಬಹುಮಟ್ಟಿಗೆ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿತ್ತು. ದೂರದ ಊರುಗಳಿಗಾಗಿ ಟಿವಿ ಪರದೆಯನ್ನೇ ಫಿಲ್ಮ್ ಕ್ಯಾಮೆರಾದಿಂದ ಚಿತ್ರೀಕರಿಸಿ ಕಳಿಸುತ್ತಿದ್ದರು. ಮುಖವೆಲ್ಲ ಮಸುಕು, ಅಂಚೆಲ್ಲ ಕಲಸಿದ ಹಾಗೆ. ಲೂಸಿ, ಡೆಸಿ ಇಬ್ಬರಿಗೂ ಹಾಲಿವುಡ್ ಬಿಡಲು ಮನಸ್ಸಿರಲಿಲ್ಲ. ಹಾಗಾದರೆ ನೇರವಾಗಿ 35 ಎಂಎಂ ಫಿಲ್ಮಿನಲ್ಲೇ ಚಿತ್ರೀಕರಿಸುತ್ತೇವೆ ಎಂದರು ಡೆಸಿ. ಖರ್ಚು ಹೆಚ್ಚಾಗುತ್ತದೆ ಎಂಬ ತಕರಾರು ಬಂತು. ನಮ್ಮ ಸಂಬಳ ತಗ್ಗಿಸಿ, ಬದಲಿಗೆ ಫಿಲ್ಮಿನ ಒಡೆತನ ನಮಗಿರಲಿ ಎಂಬುದು ಆತನ ಉತ್ತರ. ಒಮ್ಮೆ ಪ್ರಸಾರವಾದ ಹಾಸ್ಯಕ್ಕೆ ಮತ್ತೇನು ಬೆಲೆ ಎಂದುಕೊಂಡಿದ್ದ ಸಿಬಿಎಸ್ ಒಪ್ಪಿತು. ಲೂಸಿಯ ಮುಖ ಎಲ್ಲರಿಗೂ ನೆನಪಿದೆ. ಈ ಒಂದು ಕರಾರಿಗಾಗಿ ಡೆಸಿಯನ್ನೂ ಅಷ್ಟೇ ಗೌರವದಿಂದ ನೆನೆಯಬೇಕು ಎನ್ನುವುದು ನನ್ನ ಅಭಿಪ್ರಾಯ.

ಪ್ರೇಕ್ಷಕರ ನಗು ಇಲ್ಲದೆ ಲೂಸಿಗೆ ನಟನೆ ಕೂಡಿಬರುತ್ತಿರಲಿಲ್ಲ. ಸಿನಿಮಾದಂತೆ ಒಂದೊಂದೇ ಶಾಟ್ ತೆಗೆಯುತ್ತ, ಪ್ರತಿಸಲ ದೀಪ ಬದಲಿಸುತ್ತ ಕೂತರೆ ಎದುರಿಗಿದ್ದ ಸುಮಾರು 300 ಜನ ಆಕಳಿಸಿ ಮನೆಗೆ ಹೋಗುತ್ತಿದ್ದರು. ನಾಟಕದ ಹಾಗೆ ಒಂದೇ ಓಟದಲ್ಲಿ ಮುಗಿಯಬೇಕು, ಸಿನಿಮಾದ ಹಾಗೆ ಕಾಣಬೇಕು. ಈ ಗಂಟನ್ನು ಬಿಚ್ಚಿದವರು ಕಾರ್ಲ್ ಫ್ರಾಯ್ಂಡ್. ಜರ್ಮನಿಯಲ್ಲಿ 1927ರ ‘ಮೆಟ್ರೊಪೊಲಿಸ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಛಾಯಾಗ್ರಾಹಕ. ಮೂರು ಕ್ಯಾಮೆರಾಗಳು ಒಟ್ಟಿಗೇ ಓಡುವಂತೆ ವ್ಯವಸ್ಥೆಯಾಯಿತು: ನಡುವಿನದು ಇಡೀ ದೃಶ್ಯಕ್ಕೆ, ಅಕ್ಕಪಕ್ಕದವು ಮುಖಗಳಿಗೆ. ಅವು ಸರಾಗವಾಗಿ ಸರಿದಾಡಲೆಂದು ದೀಪಗಳನ್ನು ಆದಷ್ಟೂ ಮೇಲಕ್ಕೆ ಕಟ್ಟಿ ನೆಲವನ್ನು ಖಾಲಿ ಬಿಟ್ಟರು. ಬೆಳಕು ಎಲ್ಲ ಕಡೆ ಸಮನಾಗಿರಬೇಕಾದ್ದರಿಂದ ಗೋಡೆ, ಪೀಠೋಪಕರಣಗಳಿಗೆ ಬೂದು ಬಣ್ಣದ ಬೇರೆ ಬೇರೆ ಛಾಯೆಗಳನ್ನು ಬಳಿದರು. ಹಲವು ಕ್ಯಾಮೆರಾಗಳ ಪ್ರಯತ್ನ ಇದಕ್ಕೆ ಮೊದಲೂ ನಡೆದಿತ್ತು. ಅದು ಪದ್ಧತಿಯಾಗಿ ಬೇರೂರಿದ್ದು ಇಲ್ಲಿ.

ಹೀಗೆ ತಯಾರಾದ ಧಾರಾವಾಹಿ ‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರಂದು ಮೊದಲ ಬಾರಿ ಪ್ರಸಾರವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬಂದ ಚಾಕೊಲೇಟ್ ಕಾರ್ಖಾನೆಯ ಕಂತನ್ನು ನೋಡಿ. ಲೂಸಿಗೂ ಗೆಳತಿ ಎಥೆಲ್‌ಗೂ ಒಂದೇ ಕೆಲಸ: ಪಟ್ಟಿಯ ಮೇಲೆ ಸಾಗಿಬರುವ ಚಾಕೊಲೇಟಿಗೆ ಕಾಗದ ಸುತ್ತುವುದು. ಒಂದು ತಪ್ಪಿದರೂ ಕೆಲಸ ಹೋಗುತ್ತದೆ. ಪಟ್ಟಿಯ ವೇಗ ಏರುತ್ತದೆ. ಒಂದಷ್ಟು ಬಾಯಿಗೆ ಹೋಗುತ್ತವೆ, ಒಂದಷ್ಟು ಟೋಪಿಯೊಳಗೆ, ಉಳಿದವು ರವಿಕೆಯೊಳಗೆ. ಮೇಲ್ವಿಚಾರಕಿ ಬಂದು ನೋಡಿದರೆ ಪಟ್ಟಿ ಖಾಲಿ! ಸಂತೋಷದಿಂದ ವೇಗ ಇನ್ನೂ ಹೆಚ್ಚಿಸಲು ಕೂಗಿ ಹೇಳುತ್ತಾಳೆ. ಕೆನ್ನೆ ಉಬ್ಬಿಸಿಕೊಂಡು ಕಣ್ಣು ಮಿಟುಕಿಸುವ ಲೂಸಿಯ ಆ ಮುಖವನ್ನು ನೋಡುವಾಗ ಮಾತಿನ ಅಗತ್ಯವೇ ಕಾಣುವುದಿಲ್ಲ. ಅಲ್ಲಿ ಕೇಳಿಸುವುದು ಎದುರಿಗೆ ಕೂತು ನಕ್ಕವರ ನಗು.

ಅದೇ ವರ್ಷ ಲೂಸಿ ನಿಜವಾಗಿಯೂ ಬಸುರಿಯಾದರು. ಟಿವಿಯಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಆದರೂ ಕಥೆಯಲ್ಲಿ ಅದನ್ನು ಮುಚ್ಚಿಡಲಿಲ್ಲ. ಪಾದ್ರಿ, ರಬ್ಬಿಗಳಿಗೆ ಸಂಭಾಷಣೆ ತೋರಿಸಿ ಒಪ್ಪಿಗೆ ಪಡೆದರು. 1953ರ ಜನವರಿ 19ರಂದು ಕಥೆಯಲ್ಲಿ ಮಗು ಹುಟ್ಟಿತು. ಅದೇ ದಿನ ಆಸ್ಪತ್ರೆಯಲ್ಲೂ ಹುಟ್ಟಿತು. ಆ ಕಂತನ್ನು ನೋಡಿದವರು ಸುಮಾರು 4 ಕೋಟಿ 40 ಲಕ್ಷ. ಬಾಣಂತನದ ವಿರಾಮ ತುಂಬಲು ಹಳೆಯ ಕಂತುಗಳನ್ನು ಮತ್ತೆ ಹಾಕಿದರೆ ಜನ ಅವನ್ನೂ ನೋಡಿದರು! ಡೆಸಿ ಕೇಳಿ ಪಡೆದಿದ್ದ ಒಡೆತನದ ಬೆಲೆ ಆಗ ಗೊತ್ತಾಯಿತು. ಮರುಪ್ರಸಾರವೆಂಬ ದೊಡ್ಡ ವ್ಯಾಪಾರ ಬೆಳೆದದ್ದು ಈ ಬೇರಿನಿಂದ.

ಡೆಸಿಲು ಮುಂದೆ ‘ಐ ಲವ್ ಲೂಸಿ’ಯ ಹಕ್ಕನ್ನು ಸಿಬಿಎಸ್‌ಗೇ ಮಾರಿತು. ನನಗೆ ಇಂದಿಗೂ ಸಂಕಟವಾಗುವ ಮಾರಾಟ ಅದು. ಆದರೆ ಸಂಸ್ಥೆ ಬೆಳೆಯಲು ಹಣ ಬೇಕಿತ್ತು. ಲೂಸಿ ಒಂದು ಕಾಲಕ್ಕೆ ಸಂಬಳಕ್ಕೆ ದುಡಿದಿದ್ದ ಆರ್‌ಕೆಒ ಸ್ಟುಡಿಯೋವನ್ನೇ 60 ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟು ದಂಪತಿಗಳು ಕೊಂಡರು. ಅದರೊಂದಿಗೆ ಬಂದ ಹೊರಾಂಗಣದಲ್ಲಿ ಒಮ್ಮೆ ‘ಗಾನ್ ವಿತ್ ದ ವಿಂಡ್’ಗಾಗಿ ಅಟ್ಲಾಂಟಾ ನಗರ ಎದ್ದಿತ್ತು. 1960ರಿಂದ ಅದೇ ಬೀದಿಗಳು ‘ದಿ ಆಂಡಿ ಗ್ರಿಫಿತ್ ಶೋ’ದ ಮೇಬರಿ ಎಂಬ ಪುಟ್ಟ ಊರಾದವು. ಡೆಸಿಲುವಿನ ಇನ್ನೊಂದು ಅಂಗಳದಲ್ಲಿ ಕಾರ್ಲ್ ರೈನರ್ ಅವರ ‘ದಿ ಡಿಕ್ ವ್ಯಾನ್ ಡೈಕ್ ಶೋ’ ತಯಾರಾಯಿತು. ಇವೆರಡರ ಒಡೆತನ ಬೇರೆಯವರದು, ಜಾಗ ಡೆಸಿಲುವಿನದು.

1960ರಲ್ಲಿ ದಂಪತಿಗಳು ಬೇರೆಯಾದರು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ಲೂಸಿ ಸಂಸ್ಥೆಯ ಅಧ್ಯಕ್ಷೆಯಾದರು. ಹಾಲಿವುಡ್ಡಿನಲ್ಲಿ ಅಷ್ಟು ದೊಡ್ಡ ಟಿವಿ ಸ್ಟುಡಿಯೋ ನಡೆಸಿದ ಮೊದಲ ಹೆಂಗಸು ಆಕೆ. 1967ರಲ್ಲಿ 1 ಕೋಟಿ 70 ಲಕ್ಷ ಡಾಲರಿಗೆ ಡೆಸಿಲು ಮಾರಾಟವಾಗಿ ಪ್ಯಾರಾಮೌಂಟ್ ಟೆಲಿವಿಷನ್ ಆಯಿತು.

ಹೆಸರು ಹೋದರೂ ಪದ್ಧತಿ ಹೋಗಲಿಲ್ಲ. ಲೂಸಿಗೂ ಡಿಕ್ ವ್ಯಾನ್ ಡೈಕ್‌ಗೂ ಬರೆದಿದ್ದ ಗ್ಯಾರಿ ಮಾರ್ಷಲ್ 1974ರಲ್ಲಿ ಪ್ಯಾರಾಮೌಂಟ್‌ಗಾಗಿ ‘ಹ್ಯಾಪಿ ಡೇಸ್’ ಆರಂಭಿಸಿದರು. ಒಂದೇ ಕ್ಯಾಮೆರಾ, ಎದುರಿಗೆ ಪ್ರೇಕ್ಷಕರಿಲ್ಲ. ಎರಡನೇ ವರ್ಷಕ್ಕೆ ನೋಡುವವರು ಕಡಿಮೆಯಾದರು. ಮೂರನೇ ವರ್ಷ ಅವರು ಹಲವು ಕ್ಯಾಮೆರಾ ಇಟ್ಟು, ಜನರನ್ನು ಎದುರಿಗೆ ಕೂರಿಸಿದರು. 1976–77ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಧಾರಾವಾಹಿ ಅದೇ.