ವೀರನಿಗೂ ಒಂದು ಚೌಕಿ ಬೇಕು



ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅನೇಕ ಸಾಧಕರನ್ನು ನೆನೆಯುತ್ತಿದ್ದೇವೆ. ಬೆಂಕಿ, ನೆರೆ, ಅಪಘಾತ ಎಂದಾಗ ಎಲ್ಲರಿಗಿಂತ ಮೊದಲು ಓಡುವವರ ಬಗ್ಗೆ ನಾನು ಎರಡು ಮಾತು ಹೇಳುತ್ತೇನೆ.

2010ರ ಮೇ 22, ಶನಿವಾರ. ಬೆಳಿಗ್ಗೆ ಆರು ಗಂಟೆ ಕಳೆದಿತ್ತಷ್ಟೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ, ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು 8 ಮಂದಿ ಮಾತ್ರ. ಸುತ್ತಲಿನ ಊರವರು ಗುಡ್ಡ ಇಳಿದು ಓಡಿದರು. ಅಗ್ನಿಶಾಮಕ ದಳದವರು, ಪೊಲೀಸರು, ಆಂಬುಲೆನ್ಸಿನವರು ಹೆಗಲು ಕೊಟ್ಟರು. ಸುಟ್ಟ ದೇಹಗಳನ್ನು ವೆನ್ಲಾಕ್ ಆಸ್ಪತ್ರೆಗೆ ಸಾಗಿಸಿದರು. ತೀರಿಕೊಂಡವರ ಲೆಕ್ಕ 158 ಎಂದು ನಮಗೆಲ್ಲ ಗೊತ್ತು. ಆ ದೇಹಗಳನ್ನು ಎತ್ತಿದ ಕೈಗಳ ಲೆಕ್ಕ ಯಾರಲ್ಲಿದೆ?

ಅಂಥ ದಿನ ಕಂಡವರಲ್ಲಿ ಎಲ್ಲರೂ ಕುಗ್ಗುವುದಿಲ್ಲ. ಕೆಲವರಿಗೆ ಮಾತ್ರ ತಿಂಗಳುಗಳ ನಂತರವೂ ನಿದ್ದೆ ಬರುವುದಿಲ್ಲ. ಸುಟ್ಟ ವಾಸನೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಾರೆ. ಉಳಿಸಿದ ಜೀವಕ್ಕಿಂತ ಉಳಿಸಲಾಗದ ಜೀವವೇ ಕಣ್ಣೆದುರು ನಿಲ್ಲುತ್ತದೆ. ಇಂಥದ್ದು ಒಂದು ತಿಂಗಳು ದಾಟಿಯೂ ಕಾಡಿದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡವೆಂದು ಗುರುತಿಸುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ.

ಕಷ್ಟ ಎಲ್ಲಿ ಎಂದರೆ, ನಾವು ಅವರನ್ನು 'ವೀರ' ಎಂದು ಕರೆದುಬಿಟ್ಟಿರುತ್ತೇವೆ. ಶಾಲು ಹೊದಿಸಿಕೊಂಡವನು ಮರುದಿನ 'ನನಗೆ ಹೆದರಿಕೆ ಆಗುತ್ತದೆ' ಎಂದು ಹೇಳುವುದು ಹೇಗೆ? ನಮ್ಮ ಹೊಗಳಿಕೆಯೇ ಅವನ ಬಾಯಿ ಕಟ್ಟುತ್ತದೆ.

ಯಕ್ಷಗಾನ ನೋಡಿ ಬೆಳೆದವರು ನಾವು. ರಾತ್ರಿಯಿಡೀ ಅಬ್ಬರಿಸಿದ ವೇಷಧಾರಿ ಬೆಳಗಾದ ಮೇಲೆ ಚೌಕಿಗೆ ಬಂದು ಕಿರೀಟ ಇಳಿಸುತ್ತಾನೆ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ, ಜೊತೆಯವರೊಂದಿಗೆ ಚಹಾ ಕುಡಿಯುತ್ತಾನೆ. ಕಿರೀಟ ಹೊತ್ತುಕೊಂಡೇ ಮನೆಗೆ ಹೋಗು ಎಂದು ಯಾರೂ ಹೇಳುವುದಿಲ್ಲ. ಬೆಂಕಿಯಿಂದ ಹೊರಬಂದವನಿಗೆ ಮಾತ್ರ ನಾವು ಹಾಗೆ ಹೇಳುತ್ತಿದ್ದೇವೆ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ನಡುರಾತ್ರಿ ಒಂದು ಸರ್ವರ್ ಕೆಟ್ಟರೆ, ಸರಿಪಡಿಸಿದ ಮೇಲೆ ಎಲ್ಲರೂ ಕೂತು, ಯಾರನ್ನೂ ದೂರದೆ, ಏನಾಯಿತೆಂದು ಮಾತಾಡುತ್ತೇವೆ. ರಾತ್ರಿ ದುಡಿದವನಿಗೆ ಮರುದಿನ ವಿಶ್ರಾಂತಿ. ಯಂತ್ರ ಕೆಟ್ಟದ್ದಕ್ಕೇ ಇಷ್ಟು ಉಪಚಾರವಿರುವಾಗ, ಹೆಣ ಎತ್ತಿದ ಮನುಷ್ಯನಿಗೆ ಇರಬೇಡವೇ?

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ನಿಮ್ಮ ಓಣಿಯಲ್ಲಿ ಆಂಬುಲೆನ್ಸ್ ಓಡಿಸುವವರು, ಬಾವಿಗೆ ಇಳಿದು ಜನರನ್ನು ಎತ್ತುವವರು ಇರಬಹುದು. 'ಏನೇನು ನೋಡಿದಿರಿ' ಎಂದು ಕೆದಕಬೇಡಿ. 'ಊಟ ಆಯಿತಾ, ನಿದ್ದೆ ಬರುತ್ತದಾ' ಎಂದು ಕೇಳಿ. ಅವರೇ ಹೇಳತೊಡಗಿದರೆ ನಡುವೆ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಭಾರ ಹೆಚ್ಚೆನಿಸಿದರೆ 14416ಕ್ಕೆ ಕರೆ ಮಾಡಿಸಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳೇ, ಇನ್ನೊಬ್ಬರ ಜೀವ ಉಳಿಸಲು ಓಡುವ ಧೈರ್ಯ ನಿಮಗೆ ಬರಲಿ. ಓಡಿ ಬಂದ ಮೇಲೆ 'ನನಗೆ ಕಷ್ಟವಾಗುತ್ತಿದೆ' ಎಂದು ಹೇಳುವ ಧೈರ್ಯವೂ ಬರಲಿ. ಅದನ್ನು ಕೇಳುವ ತಾಳ್ಮೆ ನಮ್ಮ ಊರಿಗೆ ಇರಲಿ.