ಕಡಿಮೆಯಾದದ್ದು ಯಾವುದು?

“ಕರೆಂಟು ಕಡಿಮಿ ಬಂತು, ಮೋಟಾರ ಸುಟ್ಟಿತು.” ಜಮಖಂಡಿ ತಾಲೂಕಿನ ಹುನ್ನೂರಿನಲ್ಲಾಗಲಿ, ಸುತ್ತಲಿನ ಇನ್ನಾವ ಕಬ್ಬಿನ ಊರಿನಲ್ಲಾಗಲಿ ಬೇಸಿಗೆಯಲ್ಲಿ ಕಿವಿಗೆ ಬೀಳುವ ಮಾತಿದು. ಇದರ ಉತ್ತರಾರ್ಧ ನಿಜ, ಪೂರ್ವಾರ್ಧ ತಲೆಕೆಳಗು. ಕರೆಂಟು ಹೆಚ್ಚಾಗಿಯೇ ಮೋಟಾರು ಸುಟ್ಟಿತು. ಕಡಿಮೆಯಾದದ್ದು ಬೇರೆ.

ವಿದ್ಯುತ್ತಿನ ಸಕಲ ವಿಷಯಗಳನ್ನೂ ನಾವು ‘ಕರೆಂಟು’ ಎಂಬ ಒಂದೇ ಶಬ್ದದಲ್ಲಿ ತುಂಬಿಬಿಟ್ಟಿದ್ದೇವೆ. ಶಾಸ್ತ್ರವು ಅದನ್ನು ಬಿಡಿಸಿ ಹೇಳುತ್ತದೆ. ಕಾಲುವೆಯ ನೀರು ಹರಿಯಲು ಎತ್ತರ ಬೇಕಾದಂತೆ, ವಿದ್ಯುತ್ತು ಹರಿಯಲು ಬೇಕಾದ ಒತ್ತಡವೇ ವೋಲ್ಟೇಜು. ಹರಿಯುವ ಪ್ರಮಾಣ ಕರೆಂಟು. ಅದರ ಅಳತೆ ಆಂಪಿಯರ್. ಹರಿವಿಗೆ ಬರುವ ತಡೆ ರೋಧ. ಅದರ ಅಳತೆ ಓಮ್. ಈ ಮೂರರ ಸಂಬಂಧವನ್ನು ಜರ್ಮನಿಯ ಉಪಾಧ್ಯಾಯ ಗೆಯಾರ್ಗ್ ಓಮ್ 1827ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದನು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಅವೆರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟು. 746 ವ್ಯಾಟಿಗೆ ಒಂದು ಅಶ್ವಶಕ್ತಿ.

ಅಡಿಗೆಮನೆಯ ವಿದ್ಯುತ್ ಒಲೆಯೊಂದು 230 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುವುದೆನ್ನಿ. ಅದರ ರೋಧ 57.5 ಓಮ್, ಸಾಮರ್ಥ್ಯ 920 ವ್ಯಾಟು. ವೋಲ್ಟೇಜು ಐದರಲ್ಲೊಂದು ಪಾಲು ತಗ್ಗಿ 184ಕ್ಕೆ ಇಳಿಯಿತು. ರೋಧ ಬಹುಮಟ್ಟಿಗೆ ಅಷ್ಟೇ ಉಳಿಯುವುದರಿಂದ ಕರೆಂಟು 3.2 ಆಂಪಿಯರ್, ಸಾಮರ್ಥ್ಯ ಸುಮಾರು 589 ವ್ಯಾಟು. ಚಹಾ ಕುದಿಯಲು ತಡವಾದೀತು, ಒಲೆಗೆ ಅಪಾಯವಿಲ್ಲ.

ಪಂಪಿನ ಮೋಟಾರಿನ ಪಾಡು ಬೇರೆ. ವೋಲ್ಟೇಜು ತಗ್ಗಿತೆಂದು ಬಾವಿಯ ಆಳ ತಗ್ಗುವುದಿಲ್ಲ, ನೀರಿನ ಭಾರ ಇಳಿಯುವುದಿಲ್ಲ. ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುವಾಗ, ಒತ್ತಡದಲ್ಲಿ ಕಳೆದುಕೊಂಡದ್ದನ್ನು ಮೋಟಾರು ಕರೆಂಟಿನಲ್ಲಿ ತುಂಬಿಕೊಳ್ಳುತ್ತದೆ. ವೋಲ್ಟೇಜು ಐದನೆಯ ಒಂದು ಪಾಲು ತಗ್ಗಿದರೆ ಕರೆಂಟು ಸುಮಾರು ಕಾಲುಪಾಲು ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಕರೆಂಟಿನ ವರ್ಗದಂತೆ ಬೆಳೆಯುವುದು: 1.25ನ್ನು 1.25ರಿಂದ ಗುಣಿಸಿದರೆ 1.56. ಶಾಖ ಒಂದೂವರೆ ಪಟ್ಟನ್ನು ಮೀರಿತು. ತಂತಿಯ ಮೇಲಿನ ಲೇಪ ಕರಗುತ್ತದೆ, ವೈಂಡಿಂಗು ಸುಡುತ್ತದೆ. ಮೂರು ಫೇಸಿನ ಮೋಟಾರಿನ ಲೆಕ್ಕದಲ್ಲಿ 1.73 ಎಂಬ ಗುಣಕವೂ ಪವರ್ ಫ್ಯಾಕ್ಟರೂ ಸೇರುತ್ತವೆ. ಆದರೆ ತಾತ್ಪರ್ಯ ಇದೇ.

ವೋಲ್ಟೇಜಾದರೂ ಏಕೆ ತಗ್ಗುತ್ತದೆ? ದಾರಿಯ ತಂತಿಗೂ ರೋಧವುಂಟು. ಅದು 2 ಓಮ್ ಇದ್ದು 10 ಆಂಪಿಯರ್ ಹರಿದರೆ 20 ವೋಲ್ಟು ದಾರಿಯಲ್ಲೇ ಕಳೆಯಿತು. 200 ವ್ಯಾಟು ಗಾಳಿಯನ್ನು ಕಾಯಿಸಿತು. ನೆರೆಯವರೂ ಪಂಪು ಹಚ್ಚಿ ಹರಿವು 20 ಆಂಪಿಯರ್ ಆದರೆ ಕಳೆಯುವುದು 40 ವೋಲ್ಟು, 800 ವ್ಯಾಟು. ತಗ್ಗಿದ ವೋಲ್ಟೇಜಿನಿಂದ ಮೋಟಾರುಗಳು ಇನ್ನಷ್ಟು ಕರೆಂಟು ಎಳೆಯುತ್ತವೆ; ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ. ಇಂಥ ಹೊತ್ತಿನಲ್ಲಿ ಫ್ಯೂಸು ಹೋದರೆ ಅದು ಎಚ್ಚರಿಕೆ. ಅದರ ಜಾಗಕ್ಕೆ ದಪ್ಪ ತಂತಿ ಕಟ್ಟುವುದೆಂದರೆ ನಾಲ್ಕಾಣೆಯ ತಂತಿಯನ್ನು ಉಳಿಸಿ ಮೋಟಾರನ್ನು ಬಲಿಗೊಟ್ಟಂತೆ.

ಇದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಮ್ಮ ಹಣವನ್ನೂ ಬೆವರನ್ನೂ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಎಲ್ಲರದು ಎಂಬ ತಿಳಿವಳಿಕೆ ಅಲ್ಲಿ ಗೋಡೆಯಾಗಿ ನಿಂತಿತು. ಒಂದೇ ಟೀಸಿಯ ಕೆಳಗಿನ ವೋಲ್ಟೇಜೂ ಹಾಗೆಯೇ ಎಲ್ಲರದು. ನೀರಿಗೆ ಪಾಳಿ ಹಚ್ಚಲು ಬಲ್ಲವರಿಗೆ ಪಂಪಿಗೆ ಪಾಳಿ ಹಚ್ಚುವುದು ಹೊಸ ವಿದ್ಯೆಯಲ್ಲ. ಅದಕ್ಕೆ ಬೇಕಾದದ್ದು ಒಂದು ಗುಣಾಕಾರ, ಒಂದು ಭಾಗಾಕಾರ, ಮತ್ತು ನೆರೆಯವನೊಡನೆ ನಾಲ್ಕು ಮಾತು.